ಸಂಶಯವೂ ಯುಕ್ತಿಯೂ

ಮಬ್ಬುಗತ್ತಲಲ್ಲಿ ದೂರದಿಂದ ಕಾಣುವ ನೀಳವಾದ ಆಕೃತಿ ಮೋಟುಮರವೋ ಮನುಷ್ಯನೋ ಎಂಬುದನ್ನು ನಿದರ್ಶನವಾಗಿ ಎತ್ತಿಕೊಂಡ ನೈಯಾಯಿಕರು, ಎರಡಕ್ಕೂ ಸಮಾನವಾದ ಧರ್ಮಗಳು ಕಂಡು, ಒಂದನ್ನು ಮತ್ತೊಂದರಿಂದ ಬೇರ್ಪಡಿಸುವ ವಿಶೇಷಧರ್ಮ ಕಾಣದಿರುವಲ್ಲಿ ಸಂಶಯ ಹುಟ್ಟುವುದೆಂದರು. ಶ್ವಾಸಕೋಶದ ಅರ್ಬುದರೋಗಿಯೊಬ್ಬನ ಸಿ.ಟಿ. ಚಿತ್ರದಲ್ಲಿ ಹೊಸದಾಗಿ ಮೂಡಿದ ಗಂಟನ್ನೋ ಟೊಳ್ಳನ್ನೋ ನೋಡುತ್ತ ನಿಂತ ವೈದ್ಯನ ಸ್ಥಿತಿಗೆ ಇದಕ್ಕಿಂತ ನಿಷ್ಕೃಷ್ಟವಾದ ವರ್ಣನೆಯನ್ನು ನಾನು ಕಂಡಿಲ್ಲ. ಗೆಡ್ಡೆಯೇ ಬೆಳೆದು ನಡುವೆ ಸತ್ತು ಟೊಳ್ಳಾಯಿತೋ, ನಮ್ಮ ನಾಡಿನಲ್ಲಿ ಸದಾ ಶಂಕಿಸಬೇಕಾದ ಕ್ಷಯವೋ, ಅಥವಾ ಕೀಮೋಥೆರಪಿಯಿಂದಲೂ ಸ್ಟೀರಾಯ್ಡಿನಿಂದಲೂ ಕುಂದಿದ ದೇಹವನ್ನು ಆಸ್ಪರ್ಜಿಲಸ್ ಎಂಬ ಬೂಷ್ಟು ಹೊಕ್ಕು ಕೊರೆಯುತ್ತಿರುವುದೋ?

ಹೇತುಗಳಿಗೇನೂ ಕೊರತೆಯಿಲ್ಲ, ಕೊರತೆಯಿರುವುದು ವ್ಯಾಪ್ತಿಗೆ, ಎಂದರೆ ಹೇತುವಿಗೂ ಅದು ಸಾಧಿಸಬೇಕಾದುದಕ್ಕೂ ಇರುವ ತಪ್ಪದ ನಂಟಿಗೆ. ಈ ಬೂಷ್ಟಿನ ಬೀಜಕಣಗಳನ್ನು ಆರೋಗ್ಯವಂತರೂ ದಿನವೂ ಉಸಿರಾಡುವುದರಿಂದ, ಅದು ಕಫದಲ್ಲಿ ಬೆಳೆದುಬಂದ ಮಾತ್ರಕ್ಕೆ ಅಂಗಾಂಶವನ್ನು ಹೊಕ್ಕಿತೆಂದಾಗದು: ತಾರ್ಕಿಕರು ಸವ್ಯಭಿಚಾರವೆನ್ನುವ ದುಷ್ಟಹೇತುವಿದು. ಗಂಟಿನ ಸುತ್ತ ಪರಿವೇಷದಂತೆ ತೋರುವ ಮಸುಕು ವಲಯ, ಬಿಳಿರಕ್ತಕಣಗಳು ತೀರ ಇಳಿದವರಲ್ಲಿ ಬೆಲೆಯುಳ್ಳ ಗುರುತಾದರೂ, ಅರ್ಬುದವೂ ಅದನ್ನು ತೋರಬಲ್ಲುದು. ಬೂಷ್ಟಿನ ಕೋಶಭಿತ್ತಿಯಿಂದ ಬಿಡುಗಡೆಯಾಗುವ ಗ್ಯಾಲಕ್ಟೋಮನ್ನನ್, ಬಿಳಿಕಣಗಳು ಸಾಕಷ್ಟಿರುವ ರೋಗಿಯ ರಕ್ತದಲ್ಲಿ ಅನೇಕವೇಳೆ ಸಿಗುವುದೇ ಇಲ್ಲ. ಬ್ರಾಂಕೋಸ್ಕೋಪಿಯ ಮೂಲಕ ಶ್ವಾಸಕೋಶವನ್ನು ತೊಳೆದು ತೆಗೆದ ನೀರಿನಲ್ಲಿ ಹುಡುಕಿದರೆ ಸಿಗುವ ಸಂಭವ ಹೆಚ್ಚು. ಪ್ರತ್ಯಕ್ಷವೂ ಇಲ್ಲದಿಲ್ಲ: ಬಯಾಪ್ಸಿಯಲ್ಲಿ ತೆಗೆದ ಚೂರಿನೊಳಗೆ ಕವಲೊಡೆದ ಎಳೆಗಳನ್ನು ಸೂಕ್ಷ್ಮದರ್ಶಕದಡಿ ಕಾಣಬಹುದು, ಆದರೆ ರಕ್ತಸ್ರಾವದ ಭಯವಿರುವ ದುರ್ಬಲನಿಗೆ ಆ ಸೂಜಿಯೇ ಅಪಾಯ.

ಯುರೋಪು ಅಮೆರಿಕಗಳ ತಜ್ಞರು 2002ರಲ್ಲಿ ಈ ನಿರ್ಣಯವನ್ನು ಸಿದ್ಧ, ಸಂಭಾವ್ಯ, ಶಕ್ಯ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿ, 2008ರಲ್ಲಿಯೂ 2020ರಲ್ಲಿಯೂ ಪರಿಷ್ಕರಿಸಿದರು. ಆದರೆ ಅವು ಸಂಶೋಧನೆಗೆಂದು ರಚಿತವಾದವು. ಈ ರೋಗಿಗೆ ಈ ಹೊತ್ತು ಔಷಧ ಕೊಡಬೇಕೆ ಎಂಬುದಕ್ಕೆ ಉತ್ತರವಲ್ಲ.

ಹಾಗಾದರೆ ನಿಶ್ಚಯವಿಲ್ಲದೆ ಪ್ರವೃತ್ತಿ ಸಲ್ಲುವುದೆ? ವ್ಯವಹಾರಕ್ಕೆ ಹೀಗಿರಬಹುದೆಂಬ ಸಂಭಾವನೆಯೊಂದೇ ಸಾಕೆಂಬುದು ಚಾರ್ವಾಕನ ಮತ. ಉದಯನನು ನ್ಯಾಯಕುಸುಮಾಂಜಲಿಯಲ್ಲಿ ಅದನ್ನು ಎತ್ತಿ ಖಂಡಿಸಿದ್ದಾನೆ. ನನ್ನ ಒಲವು ಇವರಿಬ್ಬರಿಗಿಂತ ಚರಕನತ್ತ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಪಕ್ಕದಲ್ಲಿ ಅವನು ಯುಕ್ತಿಯನ್ನೂ ಕೂರಿಸಿದ. ಅನೇಕ ಕಾರಣಗಳ ಕೂಟದಿಂದ ಹುಟ್ಟಿದ್ದನ್ನು ಕಾಣುವ, ಮೂರು ಕಾಲಗಳಿಗೂ ಚಾಚುವ ಬುದ್ಧಿಯದು. ತತ್ತ್ವಸಂಗ್ರಹದಲ್ಲಿ ಶಾಂತರಕ್ಷಿತನು ಇದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ, ಮತ್ತು ವಾದಸಭೆಯಲ್ಲಿ ಅವನೇ ಗೆದ್ದಾನು. ಆದರೆ ಬಿಡಿಯಾಗಿ ಒಂದೊಂದೂ ವ್ಯಭಿಚರಿಸುವ ಲಿಂಗಗಳು, ಕುಂದಿದ ದೇಹ, ಹೊಸ ಟೊಳ್ಳು, ತೊಳೆದ ನೀರಿನ ಗ್ಯಾಲಕ್ಟೋಮನ್ನನ್, ಹೀಗೆ ಕೂಡಿದಾಗ ಪಡೆಯುವ ಬಲಕ್ಕೆ ವ್ಯಾಪ್ತಿಯೊಂದನ್ನೇ ನೆಚ್ಚಿದ ತರ್ಕದಲ್ಲಿ ಸ್ಥಾನವೆಲ್ಲಿ?

ಯುಕ್ತಿಯೆಂಬುದು ಸಾಹಸಕ್ಕೆ ಕೊಟ್ಟ ರಹದಾರಿಯಲ್ಲ. ಬೂಷ್ಟಿನ ಮದ್ದಾದ ವೊರಿಕೊನಜೋಲನ್ನು ಕೊಡದಿದ್ದರೆ ಬೂಷ್ಟು ಕೊಂದೀತು; ಕೊಟ್ಟರೆ ಅದು ಔಷಧಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ತಡೆದು, ಕೆಲವು ಅರ್ಬುದೌಷಧಗಳನ್ನು ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಿಸೀತು. ಕಾಲವಾದರೂ ಸಾಕ್ಷಿ ನುಡಿಯಲೆಂದು ಕಾದರೆ, ಔಷಧ ಫಲಿಸುತ್ತಿರುವಾಗಲೂ ಮೊದಲ ವಾರದಲ್ಲಿ ಛಾಯೆ ಹಿಗ್ಗುವುದುಂಟು. ಅದನ್ನೇ ಸೋಲೆಂದು ಓದಿ ಮದ್ದು ನಿಲ್ಲಿಸುವ ವೈದ್ಯನು ತ್ರಿಕಾಲದಲ್ಲಿ ಒಂದನ್ನು ಮಾತ್ರ ನೋಡಿದವನು.