ಕಾಯಕದ ಮಿತಿ

ಮೂಡಿಗೆರೆ ಸೀಮೆಯ ಬಾಳೂರಿನ ಸುತ್ತಣ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿದರೂ ರೈಟರ ದುಡಿಮೆ ಮುಗಿಯುವುದಿಲ್ಲ. ಬಟವಾಡೆಯ ಪುಸ್ತಕ, ಗೊಬ್ಬರದ ಖರ್ಚು, ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಅವರನ್ನು ಕಾದಿರುತ್ತವೆ. ಬೆಂಗಳೂರಿನ ಕಂಪನಿಗಳಲ್ಲಿ ಲೆಕ್ಕ ಬರೆಯುವ ಮಲೆನಾಡಿನ ಮಕ್ಕಳ ಪಾಡೂ ಇದೇ. ಮಕ್ಕಳು ಮಲಗಿದ ಮೇಲೆ ತಂದೆ ಮನೆಗೆ ಬರುವನು; ಇಷ್ಟಲಿಂಗಪೂಜೆ ಅವಸರದ ಕ್ರಿಯೆಯಾಗುವುದು.

ಕಾಯಕವೇ ಕೈಲಾಸವಾದ ಮೇಲೆ ಹೆಚ್ಚು ದುಡಿದಷ್ಟೂ ಹೆಚ್ಚು ಪುಣ್ಯವಲ್ಲವೆ ಎಂದು ಕೆಲವರು ಕೇಳಬಹುದು. ಆ ತತ್ತ್ವವನ್ನು ಸಾರಿದವನು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ. ಅವನೇ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂದು ಶರಣ ಪರಂಪರೆ ತಿಳಿಸುತ್ತದೆ. ಅದು ಕದ್ದ ಅಕ್ಕಿಯಲ್ಲ, ದುಡಿದು ತಂದದ್ದೇ. ಆದರೆ ಅಂದಿನ ದಾಸೋಹಕ್ಕೆ ಬೇಕಾದುದನ್ನು ಮೀರಿತ್ತು. ದುಡಿಮೆಯ ಮರೆಯಲ್ಲಿಯೂ ಆಸೆ ಅಡಗಿರಬಲ್ಲದೆಂಬುದನ್ನು ಆ ತಾಯಿ ಕಂಡಳು.

ಎಲ್ಲ ರೈಟರೂ ತಮ್ಮ ಆಸೆಯಿಂದಲೇ ರಾತ್ರಿ ಕೂರುವರೆಂದಲ್ಲ; ಅನೇಕ ವೇಳೆ ಧಣಿಯ ಆಸೆ ಅವರನ್ನು ಕೂರಿಸುವುದು. ಆಗ ಲಕ್ಕಮ್ಮನ ಮಾತು ಸಲ್ಲಬೇಕಾದುದು ಧಣಿಗೆ. ಆಳಿನ ಹೊತ್ತನ್ನು ಮಿತಿಮೀರಿ ತೆಗೆದುಕೊಂಡವನು ಅದನ್ನು ಹಿಂದಿರುಗಿಸಲಾರನು; ಸುರಿದು ಬರಲು ಅದು ಅಕ್ಕಿಯಲ್ಲ. ಗೃಹಸ್ಥರಾದ ಶರಣಬಂಧುಗಳು, ದುಡಿಯುವವರೂ ದುಡಿಸುವವರೂ, ಇದನ್ನು ಮನನ ಮಾಡಬೇಕು.