ಕೈ ತಪ್ಪಬಹುದಾದ ಬೆದರಿಕೆ

“ಬಾಂದುಕಲ್ಲಿಗೆ ಕೈ ಹಚ್ಚಿದರೆ ನಿನ್ನ ಪೈರಿಗೆ ಬೆಂಕಿ ಇಡ್ತೀನಿ, ನನ್ನದೂ ಸುಟ್ಟುಹೋದರೆ ಹೋಗಲಿ” ಎಂದು ಒಬ್ಬ ಪಕ್ಕದ ಹೊಲದವನಿಗೆ ಹೇಳಿದನೆನ್ನಿ. ಕಲ್ಲು ಅಲುಗುವ ತನಕ ಈ ಮಾತಿಗೆ ಬೆಲೆಯಿದೆ. ಅವನು ಕಲ್ಲು ಕಿತ್ತೇಬಿಟ್ಟರೆ? ಆಮೇಲೆ ಬೆಂಕಿ ಇಡುವುದು ಶುದ್ಧ ಹುಚ್ಚುತನ. ಆದರೂ ಇಟ್ಟೇ ಇಡುತ್ತಾನೆಂದು ಎದುರಿನವನು ನಂಬಬೇಕು. ಶೀತಲ ಸಮರದುದ್ದಕ್ಕೂ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನೆಚ್ಚಿಕೊಂಡಿದ್ದ ಅಣ್ವಸ್ತ್ರ ನಿರೋಧ ತತ್ತ್ವದ ಕಗ್ಗಂಟು ಇದೇ.

ಇದಕ್ಕೊಂದು ನೈತಿಕ ಮುಖವೂ ಇದೆ. ಮಾಡಲೇಬಾರದ ಕೆಲಸವನ್ನು ಮಾಡುತ್ತೇನೆಂದು ಮನಸಾರೆ ಸಂಕಲ್ಪಿಸುವುದು ಸರಿಯಾಗಬಹುದೇ, ಆ ಸಂಕಲ್ಪವೇ ಅನಾಹುತವನ್ನು ತಡೆಯುವುದಾದರೆ? 1978ರಲ್ಲಿ ತತ್ತ್ವಶಾಸ್ತ್ರಜ್ಞ ಗ್ರೆಗರಿ ಕಾವ್ಕಾ ಎತ್ತಿದ ಪ್ರಶ್ನೆಯಿದು. ಸಂಕಲ್ಪ ಸರಿ, ಕೃತ್ಯ ತಪ್ಪು ಎಂಬ ವಿಚಿತ್ರ ತೀರ್ಮಾನವನ್ನು ಒಪ್ಪಲು ಅವರು ಹಿಂಜರಿಯಲಿಲ್ಲ. ನನಗೇನೋ ಅದು ಅರೆಮನಸ್ಸಿನ ಸಮಾಧಾನವಾಗಿಯೇ ಕಾಣುತ್ತದೆ.

ನಂಬಿಕೆ ಹುಟ್ಟಿಸುವ ಉಪಾಯವನ್ನು 1960ರಲ್ಲೇ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಹೇಳಿದ್ದರು. ಬೆಂಕಿ ಇಡುತ್ತೇನೆ ಎನ್ನಬೇಕಾಗಿಲ್ಲ. ಯಾರೂ ಇಡದೆಯೇ ಹತ್ತಿಕೊಳ್ಳಬಹುದಾದ ಸ್ಥಿತಿಗೆ ಇಬ್ಬರನ್ನೂ ತಂದರೆ ಸಾಕು. ಮೊದಲು ಹೆದರಿದವನು ಹಿಂದೆ ಸರಿಯುತ್ತಾನೆ. 1961ರ ಅಕ್ಟೋಬರಿನಲ್ಲಿ ಬರ್ಲಿನ್‌ನ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಎರಡೂ ಕಡೆಯ ಟ್ಯಾಂಕುಗಳು ಮುಖಾಮುಖಿ ನಿಂತದ್ದು ಇಂಥದೇ ಆಟ. ಅಲ್ಲಿ ಇಬ್ಬರೂ ಮೆಲ್ಲಗೆ ಹಿಂದೆ ಸರಿದರು.

ಮುಂದಿನ ವರ್ಷ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದವು. ಅಮೆರಿಕದ ಅಧ್ಯಕ್ಷ ಕೆನೆಡಿ ನೌಕಾ ದಿಗ್ಬಂಧನ ಹಾಕಿಸಿದರು. ಅಕ್ಟೋಬರ್ 27ರಂದು ಅಮೆರಿಕದ ಯು-2 ವಿಮಾನವೊಂದನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಲಾಯಿತು, ಪೈಲಟ್ ಸತ್ತರು. ಅದೇ ದಿನ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಮೇಲೆಬ್ಬಿಸಲು ಅಮೆರಿಕದ ಹಡಗುಗಳು ನೀರಿನೊಳಗೆ ಎಚ್ಚರಿಕೆಯ ಸಿಡಿಗುಂಡುಗಳನ್ನು ಎಸೆಯುತ್ತಿದ್ದವು. ಅದರಲ್ಲಿ ಅಣು ಟಾರ್ಪೆಡೊ ಇದೆಯೆಂಬುದು ಹಡಗಿನವರಿಗೆ ಗೊತ್ತಿರಲಿಲ್ಲ. ಒಳಗೆ ಬ್ಯಾಟರಿ ಬರಿದಾಗುತ್ತಿತ್ತು, ಉಸಿರುಗಟ್ಟುವ ಸೆಕೆ, ಮಾಸ್ಕೋದ ಸಂಪರ್ಕವಿಲ್ಲ. ಯುದ್ಧ ಶುರುವಾಗಿದೆಯೆಂದೇ ಭಾವಿಸಿದ ಕ್ಯಾಪ್ಟನ್ ಸವಿಟ್ಸ್ಕಿ ಟಾರ್ಪೆಡೊ ಸಿದ್ಧಗೊಳಿಸಲು ಹೇಳಿದರೆಂದು ಒಳಗಿದ್ದ ಅಧಿಕಾರಿಯೊಬ್ಬರು ಬಹಳ ವರ್ಷಗಳ ನಂತರ ಬಾಯಿಬಿಟ್ಟರು. ಜೊತೆಗಿದ್ದ ಅಧಿಕಾರಿ ವಸಿಲಿ ಅರ್ಖಿಪೋವ್, ಸವಿಟ್ಸ್ಕಿಯವರನ್ನು ತಣ್ಣಗಾಗಿಸಿದರು. ಜಲಾಂತರ್ಗಾಮಿ ಮೇಲೆ ಬಂತು.

ಮರುದಿನ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ತೆಗೆಯಲು ಒಪ್ಪಿದರು. ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ತೆಗೆಯುವುದಾಗಿ ಅಮೆರಿಕ ಗುಟ್ಟಾಗಿ ಮಾತು ಕೊಟ್ಟಿತ್ತು. ಇಬ್ಬರು ನಾಯಕರನ್ನೂ ಭಯವೇ ಬಗ್ಗಿಸಿತು, ಆ ಮಟ್ಟಿಗೆ ಶೆಲ್ಲಿಂಗ್ ಗೆದ್ದರು ಎನ್ನಬೇಕು. ಆದರೆ ಅವರು ಆಕಸ್ಮಿಕಕ್ಕೆ ಬಿಟ್ಟ ಪಾಲು ಹೋಗಿ ಬಿದ್ದದ್ದು ಎಲ್ಲಿ? ಶ್ವೇತಭವನದಲ್ಲೂ ಅಲ್ಲ, ಕ್ರೆಮ್ಲಿನ್‌ನಲ್ಲೂ ಅಲ್ಲ, ಸಮುದ್ರದಡಿಯಲ್ಲಿ ಬೆವರುತ್ತಿದ್ದ ಒಂದಿಷ್ಟು ನಾವಿಕರ ತಲೆಯ ಮೇಲೆ.

1983ರ ಸೆಪ್ಟೆಂಬರ್ 26ರಂದು ಆ ಹೊರೆ ಸೋವಿಯತ್ ಸೇನಾಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಪಾಲಿಗೆ ಬಂತು. ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಉಪಗ್ರಹ ವ್ಯವಸ್ಥೆ ಕೂಗಿತು. ದಾಳಿ ಮಾಡುವವರು ಬರೀ ಐದು ಕಳಿಸುತ್ತಾರೆಯೇ ಎಂದು ಯೋಚಿಸಿದ ಪೆಟ್ರೋವ್, ಇದು ಯಂತ್ರದ ದೋಷ ಎಂದು ಮೇಲಿನವರಿಗೆ ವರದಿ ಮಾಡಿದರು. ನಿಜವಾಗಿ, ಮೋಡದ ಮೇಲೆ ಪ್ರತಿಫಲಿಸಿದ ಬಿಸಿಲಿಗೆ ಉಪಗ್ರಹ ಮೋಸಹೋಗಿತ್ತು.

ಈ ಎರಡೂ ಸಂದರ್ಭಗಳಲ್ಲಿ ಯುದ್ಧ ತಪ್ಪಿಸಿದ್ದು ಬೆದರಿಕೆಯನ್ನು ಜಾರಿಗೆ ತರಲು ಹಿಂಜರಿದ ಮನುಷ್ಯರು. ಅದರ ಶ್ರೇಯಸ್ಸನ್ನು ನಿರೋಧ ತತ್ತ್ವದ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಪೆಟ್ರೋವ್‌ಗೆ ಆಗ ಬಹುಮಾನ ಬರಲಿಲ್ಲ. ಆ ರಾತ್ರಿಯ ದಾಖಲೆ ಪುಸ್ತಕ ಸರಿಯಾಗಿ ಬರೆದಿಲ್ಲವೆಂದು ಛೀಮಾರಿ ಬಿತ್ತು.