ಕೊಡಬಹುದಿತ್ತು ಎಂಬ ಲೆಕ್ಕ

ಅರ್ಥಶಾಸ್ತ್ರದ ಪದವಿ ತರಗತಿಗಳಲ್ಲಿ ಒಂದು ನಿಯಮ ಕಲಿಸುತ್ತಾರೆ. 1939ರಲ್ಲಿ ನಿಕೊಲಸ್ ಕಾಲ್ಡೋರ್ ಅದನ್ನು ಮಂಡಿಸಿದರು, ಅದೇ ವರ್ಷ ಜಾನ್ ಹಿಕ್ಸ್ ಬೆಂಬಲಿಸಿದರು. ಯಾವುದೇ ಯೋಜನೆಯಿಂದ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ನಷ್ಟವಾದವರಿಗೆ ಪೂರ್ತಿ ಪರಿಹಾರ ಕೊಟ್ಟ ಮೇಲೂ ಲಾಭ ಪಡೆದವರ ಕೈಯಲ್ಲಿ ಏನಾದರೂ ಉಳಿಯುವಂತಿದ್ದರೆ ಆ ಯೋಜನೆ ಒಳ್ಳೆಯದು. ಹಾಗಾದರೆ ಪರಿಹಾರವನ್ನು ನಿಜವಾಗಿಯೂ ಕೊಡಬೇಕೇ? ಬೇಕಿಲ್ಲ. ಕೊಡಲು ಸಾಧ್ಯವಿದ್ದರೆ ಸಾಕು.

ನಾನು ಓದಿದ ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ಒಂದು ರೈಲುಮಾರ್ಗ. ನಾನು ಮೊಳಕಾಲ್ಮುರು ಕಡೆಯವನು. ನನಗೆ ನೆನಪಾದದ್ದು ಪಕ್ಕದ ಚಳ್ಳಕೆರೆಯ ಕಾವಲು.

ಕಾವಲು ಎಂದರೆ ಅಮೃತ ಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಬಿಟ್ಟ ಹುಲ್ಲುಗಾವಲು. ಬೆಣ್ಣೆ ಚಾವಡಿ ಎಂದಿದ್ದುದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟದ್ದು ಟಿಪ್ಪು. ಆ ಎತ್ತುಗಳು ಸೈನ್ಯದ ಫಿರಂಗಿ ಎಳೆಯುತ್ತಿದ್ದವು. ಕಾಲಕ್ರಮದಲ್ಲಿ ಸುತ್ತಲ ಹಳ್ಳಿಗಳ ದನ, ಕುರಿಗಳಿಗೂ ಅದೇ ಮೇವಿನ ನೆಲವಾಯಿತು. 2009ರಿಂದೀಚೆಗೆ ಇದರಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವಕ್ಕೆ ಹೋಯಿತು. (ಒಂದು ಲೆಕ್ಕದಲ್ಲಿ ಕಾವಲು ಮತ್ತೆ ಸೈನ್ಯದ ಕೆಲಸಕ್ಕೇ ಸೇರಿತು ಎನ್ನಬಹುದು.) ಗೋಡೆ ಎದ್ದಿತು. ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಲಾಭ ಸುಳ್ಳಲ್ಲ. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆಯ ಗಗನವಾಹನ ಚಾಲಕರಿಲ್ಲದೆ ತಾನಾಗಿ ಇಳಿದದ್ದು ಇಲ್ಲಿನ ರನ್‌ವೇ ಮೇಲೆ. ಖುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲೆಯ ಮೇಷ್ಟರುಗಳಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಇದನ್ನೆಲ್ಲ ಹೀಗಳೆಯುವುದು ನನ್ನಿಂದಾಗದು.

ನಷ್ಟದ ಕಡೆ ಏನಿದೆ? ಕಾಗದದ ಮೇಲೆ ಏನೂ ಇಲ್ಲ. ಕಾವಲು ಸರ್ಕಾರದ ಜಮೀನು. ಮೇಯಿಸುವವನ ಹೆಸರಿನಲ್ಲಿ ಪಹಣಿ ಇಲ್ಲ. ಪರಿಹಾರ ಸಲ್ಲುವುದು ಹಕ್ಕುಪತ್ರ ಇದ್ದವರಿಗೆ. ರೂಢಿಯಿಂದ ಬಂದದ್ದನ್ನು ಕಳೆದುಕೊಂಡವರು ನಷ್ಟವಾದವರ ಪಟ್ಟಿಗೇ ಸೇರುವುದಿಲ್ಲ. ಚಳ್ಳಕೆರೆಯ ಕರಿ ಕಂಬಳಿಯನ್ನೇ ತೆಗೆದುಕೊಳ್ಳಿ. ನೇಯುವವರ ಖರ್ಚಿನಲ್ಲಿ ಉಣ್ಣೆ, ನೂಲು, ಹುಣಸೆಬೀಜದ ಗಂಜಿ, ಕೂಲಿ ಎಲ್ಲ ಬರುತ್ತದೆ. ಕುರಿ ಮೇಯ್ದ ಹುಲ್ಲು ಬರುವುದಿಲ್ಲ, ಏಕೆಂದರೆ ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಹುಲ್ಲು ಹೋದಾಗ ಲೆಕ್ಕದ ಪುಸ್ತಕದಲ್ಲಿ ಸೊನ್ನೆಯ ಜಾಗಕ್ಕೆ ಸೊನ್ನೆಯೇ ಬಂತು. ಆದರೆ ಮೇವು ಕೊಂಡು ಕುರಿ ಸಾಕಿದರೆ ಆ ಕಂಬಳಿ ಗಿಟ್ಟುವುದಿಲ್ಲ ಎಂದು ಯಾವ ಕುರಿಗಾಹಿಯಾದರೂ ಹೇಳುತ್ತಾನೆ. ನಮ್ಮ ಮೊಳಕಾಲ್ಮುರು ರೇಷ್ಮೆ ಸೀರೆಯ ಕಥೆ ಬೇರೆ. ಅಲ್ಲಿ ನೇಕಾರನಿಗೆ ಸಿಗುವುದು ಕಡಿಮೆ ಎಂದು ಜಗಳವಾಡಬಹುದು. ಜಗಳವಾಡಲು ಒಂದು ಬೆಲೆಯಾದರೂ ಇದೆ.

ಅಮರ್ತ್ಯ ಸೇನ್ ಈ ನಿಯಮವನ್ನು ಒಪ್ಪಲಿಲ್ಲ. ಪರಿಹಾರ ಕೊಟ್ಟೇಬಿಟ್ಟರೆ ಈ ಪರೀಕ್ಷೆಯ ಅಗತ್ಯವೇ ಇಲ್ಲ, ಕೊಡದಿದ್ದರೆ ಸಮಾಜ ಮೇಲಾಯಿತೆಂದು ನಂಬಲು ಕಾರಣವಿಲ್ಲ ಎಂಬುದು ಅವರ ವಾದದ ತಿರುಳು. ನನಗೆ ಅದು ಸರಿ ಕಾಣುತ್ತದೆ. ‘ಕೊಡಬಹುದಿತ್ತು’ ಎನ್ನುವುದು ಊರಿನಲ್ಲಿ ಸಾಲ ತೀರಿಸದವರು ಆಡುವ ಮಾತು. ಅದಕ್ಕೆ ಸೂತ್ರದ ಗೌರವ ಹೇಗೆ ಬಂತು ಎಂಬುದೇ ನನಗೆ ಬೆರಗು.

ಇಲ್ಲಿಗೆ ಅರ್ಥಶಾಸ್ತ್ರದ ಕೈ ಖಾಲಿ ಎಂದಲ್ಲ. ಬೆಲೆ ಇಲ್ಲದ್ದನ್ನೂ ಅಳೆಯುವ ದಾರಿ ಅದರಲ್ಲೇ ಇದೆ: ಜನರನ್ನು ಕೇಳುವುದು. ಆದರೆ ಹೇಗೆ ಕೇಳುತ್ತೀರಿ? ‘ಈ ಕಾವಲು ಉಳಿಸಿಕೊಳ್ಳಲು ನೀನೆಷ್ಟು ಕೊಡುತ್ತೀಯ?’ ಎಂದರೆ ಉತ್ತರ ಅವನ ಜೇಬಿನಷ್ಟೇ ದೊಡ್ಡದು. ‘ಬಿಟ್ಟುಕೊಡಲು ಎಷ್ಟು ಬೇಕು?’ ಎಂದರೆ ಮೊತ್ತ ಎಷ್ಟೋ ಪಟ್ಟು ಏರುತ್ತದೆ. ಮೊದಲ ಪ್ರಶ್ನೆ ಕಾವಲು ಅವನದಲ್ಲ ಎಂದು ಆಗಲೇ ತೀರ್ಮಾನಿಸಿದೆ. ಎರಡನೆಯದು ಅವನದೇ ಎಂದು ಒಪ್ಪಿದೆ. ಯಾವುದನ್ನು ಕೇಳಬೇಕೆಂದು ಗಣಿತ ಹೇಳುವುದಿಲ್ಲ. ಆ ಆಯ್ಕೆ ನ್ಯಾಯದ್ದು, ಅದು ಲೆಕ್ಕ ಶುರುವಾಗುವ ಮೊದಲೇ ನಡೆದುಹೋಗಿರುತ್ತದೆ.

ಎರಡನೆಯ ಪ್ರಶ್ನೆಗೂ ಉತ್ತರ ಕೊಡದವರಿದ್ದಾರೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ಮ್ಯಾಸ ಬೇಡರ ದೇವರ ಎತ್ತುಗಳಿವೆ. ಅವನ್ನು ಮಾರುವಂತಿಲ್ಲ, ನೊಗಕ್ಕೆ ಕಟ್ಟುವಂತಿಲ್ಲ. ಬರಗಾಲದಲ್ಲೂ ಕಿಲಾರಿಗಳು ಅವನ್ನು ಮೇಯಿಸಿಕೊಂಡು ತಿರುಗುತ್ತಾರೆ. ಈ ಎತ್ತುಗಳ ಮೇವಿನ ನೆಲಕ್ಕೆ ಎಷ್ಟು ತೆಗೆದುಕೊಳ್ಳುತ್ತೀಯಪ್ಪ ಎಂದು ಕೇಳಿದರೆ, ‘ದೇವರದ್ದಕ್ಕೆ ಎಂಥ ರೇಟು ಸ್ವಾಮಿ’ ಎಂದು ಮುಖ ತಿರುಗಿಸುವ ಕಿಲಾರಿಯನ್ನು ಊಹಿಸುವುದು ಕಷ್ಟವಲ್ಲ. ಇಂಥ ಸಮೀಕ್ಷೆಗಳಲ್ಲಿ ಹೀಗೆ ಬರುವ ಮಾತಿಗೆ ಪ್ರತಿಭಟನಾ ಉತ್ತರ ಎಂದು ಹೆಸರು. ಸರಾಸರಿ ತೆಗೆಯುವ ಮುನ್ನ ಅಂಥವನ್ನು ಸಾಮಾನ್ಯವಾಗಿ ಪಟ್ಟಿಯಿಂದ ತೆಗೆದುಹಾಕುತ್ತಾರೆ.